ಗ್ರಿನ್ಯಾರ್: ಒಂದು ಪಾಠದ ಪೀಠಿಕೆ

ಅಭ್ಯಾಸ ಬೋಧನೆಯಲ್ಲಿ ದ್ವಿತೀಯ ಪಿಯುಸಿಗೆ ಗ್ರಿನ್ಯಾರ್ ಕಾರಕದ ಪಾಠ ನನ್ನ ಪಾಲಿಗೆ ಬಂತು. ಸಮೀಕರಣದ ಬದಲು ವಿಕ್ಟರ್ ಗ್ರಿನ್ಯಾರ್ ಅವರ ಬದುಕಿನಿಂದಲೇ ಪೀಠಿಕೆ ಹಾಕಿದೆ.

1871ರಲ್ಲಿ ಫ್ರಾನ್ಸಿನ ಶೆರ್ಬುರ್ಗ್‌ನಲ್ಲಿ ಹುಟ್ಟಿದ ಅವರು ಶಿಕ್ಷಕರಾಗಲೆಂದು ಕ್ಲೂನಿಯ ತರಬೇತಿ ಶಾಲೆ ಸೇರಿದರು. ಎರಡೇ ವರ್ಷದಲ್ಲಿ ಅದು ಮುಚ್ಚಿತು. ಲಿಯಾನ್‌ಗೆ ಹೋದರೆ ಗಣಿತದ ಪದವಿ ಪರೀಕ್ಷೆಯಲ್ಲಿ ಅನುತ್ತೀರ್ಣ! ಸೈನ್ಯದ ಸೇವೆ ಮುಗಿಸಿ ಬಂದು 1894ರಲ್ಲಿ ಉತ್ತೀರ್ಣರಾದರು. ರಸಾಯನಶಾಸ್ತ್ರಕ್ಕೆ ಬಂದದ್ದು ಗೆಳೆಯನ ಒತ್ತಾಯಕ್ಕೆ, ಒಲ್ಲದ ಮನಸ್ಸಿನಿಂದ.

ಗುರು ಬಾರ್ಬಿಯೆ ಸತುವಿನ ಬದಲು ಮೆಗ್ನೀಸಿಯಂ ಬಳಸಿದ್ದರು. ಫಲಿತಾಂಶ ಒಂದೊಂದು ಸಲ ಒಂದೊಂದು ರೀತಿ. ಗ್ರಿನ್ಯಾರ್ ಎಲ್ಲವನ್ನೂ ಒಟ್ಟಿಗೆ ಬೆರೆಸಲಿಲ್ಲ. ಮೊದಲು ಒಣ ಈಥರ್‌ನಲ್ಲಿ ಮೆಗ್ನೀಸಿಯಂ ಸಂಯುಕ್ತ ತಯಾರಿಸಿಕೊಂಡು, ಆಮೇಲೆ ಕೀಟೋನ್ ಸೇರಿಸಿದರು. 1900ರಲ್ಲಿ ಅದನ್ನು ಪ್ರಕಟಿಸಿದರು. 1912ರ ನೊಬೆಲ್ ಅವರಿಗೂ, ನಿಕಲ್ ವೇಗವರ್ಧಕದ ಸಬಾಟಿಯೆ ಅವರಿಗೂ ಸಂದಿತು. 1935ರಲ್ಲಿ ತೀರಿಕೊಂಡರು.

ಆದರೆ ತರಗತಿಯಲ್ಲಿ ಅವಸರಕ್ಕೆ 1894ನ್ನು ಹೇಳದೆ ನೇರ ನೊಬೆಲ್‌ಗೆ ಹಾರಿದ್ದೆ. ಅರ್ಧವಾರ್ಷಿಕದಲ್ಲಿ ಗಣಿತ ಹೋಗಿಸಿಕೊಂಡಿದ್ದ ಹಿಂದಿನ ಬೆಂಚಿನ ಹುಡುಗ ಎದ್ದುನಿಂತು, ಅವರು ಆ ಪರೀಕ್ಷೆ ಮತ್ತೆ ಕಟ್ಟಿದರೇ ಎಂದು ಕೇಳಿದ. ಅವನಿಗೆ ಬೇಕಿದ್ದದ್ದು ನೊಬೆಲ್ ಅಲ್ಲ, ಆ ಒಂದು ಇಸವಿ. ಮರುದಿನದ ಪಾಠಯೋಜನೆಯಲ್ಲಿ ಅದನ್ನೇ ಮೊದಲು ಬರೆದುಕೊಂಡೆ.