ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (1908 – 1980) ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿ. ವಕೀಲರಾಗಿ ಬೆಂಗಳೂರಿನಲ್ಲಿ ಸಾರ್ವಜನಿಕ ಜೀವನ ಆರಂಭಿಸಿದ ಇವರು ಸ್ವಾತಂತ್ರ್ಯ ಹೋರಾಟಗಾರ, ಸಂವಿಧಾನ ರಚನಾ ಸಭೆಯ ಸದಸ್ಯ, ಲೋಕಸಭಾ ಸದಸ್ಯ ಹಾಗೂ ಕೇಂದ್ರ ಸಚಿವರಾಗಿ ಸೇವೆ ಸಲ್ಲಿಸಿದರು. ಬೆಂಗಳೂರಿನ ವಿಧಾನಸೌಧದ ಇಂದಿನ ರೂಪಕ್ಕೆ ಇವರೇ ಕಾರಣಕರ್ತರು. ಕನ್ನಡ ನಾಡಿನ ಏಕೀಕರಣವನ್ನು ಬೆಂಬಲಿಸಿದ ಹಳೆಯ ಮೈಸೂರಿನ ಪ್ರಮುಖ ನಾಯಕರಲ್ಲಿ ಒಬ್ಬರು.

ಜನನ ಮತ್ತು ವಿದ್ಯಾಭ್ಯಾಸ

ಹನುಮಂತಯ್ಯನವರು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಂದು ಒಕ್ಕಲು ಕುಟುಂಬದಲ್ಲಿ ಜನಿಸಿದರು. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿತ್ತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಬಳಿ ಇರುವ ಕೆಂಗಲ್ಲಿನ ಆಂಜನೇಯ ದೇವಾಲಯದಲ್ಲಿ ಅವರಿಗೆ ಅಪಾರ ಭಕ್ತಿ. ಅವರ ಹೆಸರಿನ ಹಿಂದಿರುವ ಕೆಂಗಲ್ ಎಂಬುದು ಈ ಸ್ಥಳದ ಹೆಸರು. ಮುಂದೆ ಈ ದೇವಾಲಯದ ಜೀರ್ಣೋದ್ಧಾರಕ್ಕೂ ಅವರು ಶ್ರಮಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ ಪುಣೆಯಲ್ಲಿ ಕಾನೂನು ಪದವಿಯನ್ನೂ ಪಡೆದು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

ಸ್ವಾತಂತ್ರ್ಯ ಹೋರಾಟ

ಮೈಸೂರು ಆಗ ಮಹಾರಾಜರ ಆಳ್ವಿಕೆಯಲ್ಲಿದ್ದ ಸಂಸ್ಥಾನ. ಅಲ್ಲಿಯ ಕಾಂಗ್ರೆಸ್ಸಿಗೆ ಎರಡು ಗುರಿಗಳಿದ್ದವು: ದೇಶಕ್ಕೆ ಬ್ರಿಟಿಷರಿಂದ ಬಿಡುಗಡೆ, ಸಂಸ್ಥಾನದಲ್ಲಿ ಜನರಿಗೆ ಹೊಣೆಗಾರರಾದ ಸರ್ಕಾರ. ವಕೀಲಿ ವೃತ್ತಿಯನ್ನು ಬದಿಗಿಟ್ಟು ಹನುಮಂತಯ್ಯನವರು ಈ ಹೋರಾಟಕ್ಕೆ ಧುಮುಕಿದರು. ಹಲವು ಬಾರಿ ಸೆರೆವಾಸ ಅನುಭವಿಸಿದರು. ಬೆಂಗಳೂರು ನಗರದ ಕಾಂಗ್ರೆಸ್ ಸಂಘಟನೆಯಲ್ಲಿ ಮುಂದೆ ಬಂದು, 1940ರ ದಶಕದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಮೈಸೂರಿನ ಮೊದಲ ಜವಾಬ್ದಾರಿ ಸರ್ಕಾರ ರಚನೆಯಾಯಿತು.

ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಹನುಮಂತಯ್ಯನವರು ಮೈಸೂರಿನ ಪ್ರತಿನಿಧಿಯಾಗಿದ್ದರು. ಕರಡು ಸಂವಿಧಾನದಲ್ಲಿ ಭಾರತೀಯತೆ ಸಾಲದು ಎಂಬುದು ಅವರ ಟೀಕೆ. ವೀಣೆ ಅಥವಾ ಸಿತಾರಿನ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಕೇಳಿಬಂದಿದೆ ಎಂಬ ಅರ್ಥದಲ್ಲಿ ಅವರು ಅಲ್ಲಿ ಮಾತನಾಡಿದ್ದನ್ನು ಇಂದಿಗೂ ಸಂವಿಧಾನದ ಅಭ್ಯಾಸಿಗಳು ಸ್ಮರಿಸುತ್ತಾರೆ.

ಮುಖ್ಯಮಂತ್ರಿಯಾಗಿ

1952ರಲ್ಲಿ ನಡೆದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಮನಗರದಿಂದ ಗೆದ್ದ ಹನುಮಂತಯ್ಯನವರು ಅದೇ ವರ್ಷ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. 1956ರ ಆಗಸ್ಟಿನವರೆಗೆ ಈ ಸ್ಥಾನದಲ್ಲಿದ್ದರು. ಕಡಿದಾಳ್ ಮಂಜಪ್ಪನವರು ಅವರ ಸಂಪುಟದ ಕಂದಾಯ ಸಚಿವರು. ಹಿಂದಿನ ಅರಸರು ಕೆಲವರಿಗೆ ಉಡುಗೊರೆಯಾಗಿ ಬಿಟ್ಟುಕೊಟ್ಟಿದ್ದ ಭೂಮಿಗೆ ಇನಾಂ ಎಂದು ಹೆಸರು. ಇಂಥ ಭೂಮಿಯಲ್ಲಿ ದುಡಿಯುವ ರೈತನಿಗೆ ನೆಲದ ಮೇಲೆ ಭದ್ರವಾದ ಹಕ್ಕು ಇರುತ್ತಿರಲಿಲ್ಲ. ಈ ಪದ್ಧತಿಯನ್ನು ಕೊನೆಗಾಣಿಸಲು 1954ರಲ್ಲಿ ಇನಾಂ ರದ್ದಿಯಾತಿ ಕಾನೂನನ್ನು ರೂಪಿಸಲಾಯಿತು.

ಸಾಹಿತ್ಯ ಮತ್ತು ಸಂಸ್ಕೃತಿಗಾಗಿ ಸರ್ಕಾರದಲ್ಲಿಯೇ ಪ್ರತ್ಯೇಕ ವ್ಯವಸ್ಥೆಯೊಂದನ್ನು ಅವರು ಏರ್ಪಡಿಸಿದರು. ಕುಮಾರವ್ಯಾಸ ಭಾರತದಂಥ ಹಳೆಯ ಕಾವ್ಯಗಳು ಅಗ್ಗದ ಬೆಲೆಗೆ ಸಾಮಾನ್ಯರ ಮನೆ ಸೇರಲು ಈ ಯೋಜನೆ ನೆರವಾಯಿತು.

ವಿಧಾನಸೌಧ

ರಾಜ್ಯದ ಆಡಳಿತ ಕಚೇರಿಗಳು ಆಗ ಕಬ್ಬನ್ ಉದ್ಯಾನದ ಕೆಂಪು ಕಟ್ಟಡವಾದ ಅಠಾರಾ ಕಚೇರಿಯಲ್ಲಿದ್ದವು. ಹೊಸ ಕಟ್ಟಡವೊಂದಕ್ಕೆ ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರು ಶಂಕುಸ್ಥಾಪನೆ ಮಾಡಿದ್ದರು. ಮೂಲ ನಕ್ಷೆ ಸರಳವಾಗಿತ್ತು. ಅಧಿಕಾರಕ್ಕೆ ಬಂದ ಹನುಮಂತಯ್ಯನವರು ಅದನ್ನು ಬದಲಾಯಿಸಿದರು. ಪ್ರಜೆಗಳೇ ಪ್ರಭುಗಳಾದ ಕಾಲದಲ್ಲಿ ಅವರ ಪ್ರತಿನಿಧಿಗಳು ಸೇರುವ ಮನೆ ಅರಮನೆಗೆ ಕಡಿಮೆಯಾಗಬಾರದು, ಅದು ಈ ನೆಲದ ಶಿಲ್ಪ ಪರಂಪರೆಯನ್ನು ತೋರಬೇಕು ಎಂಬುದು ಅವರ ನಿಲುವು.

ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಸುತ್ತಮುತ್ತ ದೊರೆಯುವ ಕಣಶಿಲೆಯಿಂದ ಕಟ್ಟಡ ಮೇಲೆದ್ದಿತು. ಸುಮಾರು 5,000 ಕೆಲಸಗಾರರು ದುಡಿದರು. ಅವರಲ್ಲಿ ಬಹಳ ಮಂದಿ ಸೆರೆಮನೆಯ ಕೈದಿಗಳು. ತಗುಲಿದ ವೆಚ್ಚ ಎರಡು ಕೋಟಿ ರೂಪಾಯಿಗೆ ತುಸು ಕಡಿಮೆ. ಸರ್ಕಾರದ ಕೆಲಸವು ದೇವರ ಕೆಲಸವೆಂದು ಸಾರುವ ಬರಹವನ್ನು ಕಟ್ಟಡದ ಮುಂಭಾಗದಲ್ಲಿ ಕಾಣಬಹುದು.

ಬಡ ರಾಜ್ಯಕ್ಕೆ ಇಷ್ಟು ವೈಭವದ ಕಟ್ಟಡ ಬೇಕೇ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಶಾಲೆ, ಆಸ್ಪತ್ರೆಗಳಿಗೆ ಆ ಹಣ ಸಲ್ಲಬೇಕಿತ್ತು ಎಂದು ವಾದಿಸಿದವರಿದ್ದರು. ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. ಈ ಟೀಕೆ ಅವರ ರಾಜಕೀಯ ಜೀವನಕ್ಕೆ ಪೆಟ್ಟು ಕೊಟ್ಟಿತು.

ಏಕೀಕರಣ ಮತ್ತು ರಾಜೀನಾಮೆ

ಕನ್ನಡ ಮಾತನಾಡುವ ಜನ ಆಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನಲ್ಲಿದ್ದವು. ಕೊಡಗು ಪ್ರತ್ಯೇಕ ರಾಜ್ಯ. ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯಂಥ ಊರುಗಳ ಮತ್ತು ಕೊಕ್ಕಡದಂಥ ಹಳ್ಳಿಗಳ ಜನರಿಗೆ ರಾಜಧಾನಿ ದೂರದ ಮದರಾಸು ನಗರವಾಗಿತ್ತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಬಳ್ಳಾರಿ ಪ್ರದೇಶ ಮೈಸೂರಿಗೆ ಸೇರಿತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ದೇಶದ ರಾಜ್ಯಗಳ ಗಡಿಗಳನ್ನು ಮರಳಿ ಗುರುತಿಸುವುದು ಅದರ ಕೆಲಸ.

ಹಳೆಯ ಮೈಸೂರಿನಲ್ಲಿ ಏಕೀಕರಣದ ಬಗ್ಗೆ ಒಮ್ಮತವಿರಲಿಲ್ಲ. ತಮ್ಮ ರಾಜ್ಯ ನೀರಾವರಿ, ವಿದ್ಯುತ್ತು, ಶಿಕ್ಷಣಗಳಲ್ಲಿ ಮುಂದುವರಿದಿದೆ, ಹಿಂದುಳಿದ ಪ್ರದೇಶಗಳು ಸೇರಿದರೆ ಭಾರವಾಗುತ್ತದೆ ಎಂದು ಹಲವರು ಅಂಜಿದರು. ರಾಜ್ಯ ದೊಡ್ಡದಾದರೆ ಮೈಸೂರು ಭಾಗದ ಒಕ್ಕಲಿಗ ನಾಯಕರ ಪ್ರಾಬಲ್ಯ ಕುಗ್ಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಸ್ವತಃ ಆ ಸಮುದಾಯಕ್ಕೆ ಸೇರಿದ ಹನುಮಂತಯ್ಯನವರಿಗೆ ಇದು ತಿಳಿಯದ ವಿಷಯವಲ್ಲ. ವಿಶಾಲ ರಾಜ್ಯದಲ್ಲಿ ತಮ್ಮ ಸ್ಥಾನ ಉಳಿಯುವ ಭರವಸೆ ಇಲ್ಲದಿದ್ದರೂ ಅವರು ಏಕೀಕರಣದ ಪರವಾಗಿ ನಿಂತರು; ತಮ್ಮ ಪಕ್ಷದವರ ವಿರೋಧವನ್ನು ಎದುರಿಸಿದರು.

1956ರ ಆಗಸ್ಟಿನಲ್ಲಿ ಕಾಂಗ್ರೆಸ್ ಶಾಸಕಾಂಗ ಪಕ್ಷದಲ್ಲಿಯೇ ಅವರ ಮೇಲೆ ಅವಿಶ್ವಾಸ ವ್ಯಕ್ತವಾಯಿತು. ಅವಿಶ್ವಾಸವೆಂದರೆ ನಾಯಕನ ಮೇಲೆ ತಮಗೆ ನಂಬಿಕೆ ಇಲ್ಲವೆಂದು ಸದಸ್ಯರು ಮತದ ಮೂಲಕ ತಿಳಿಸುವುದು. ಏಕೀಕರಣದ ಭಿನ್ನಾಭಿಪ್ರಾಯದ ಜೊತೆಗೆ ವಿಧಾನಸೌಧದ ವೆಚ್ಚ, ಪಕ್ಷದೊಳಗಿನ ಬಣಗಳು ಮತ್ತು ಅವರ ನಿಷ್ಠುರ ಕಾರ್ಯಶೈಲಿ ಇದಕ್ಕೆ ಕಾರಣವಾಗಿದ್ದವು. ಅವರು ರಾಜೀನಾಮೆ ನೀಡಿದರು. ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾದರು. ಸುಮಾರು ಹತ್ತು ವಾರಗಳ ನಂತರ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದರ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ದಕ್ಷಿಣ ಕನ್ನಡದ ಕಾಸರಗೋಡು ಭಾಗ ಮಾತ್ರ ಕೇರಳಕ್ಕೆ ಸೇರಿತು. ಒಂದಾದ ನಾಡಿನ ಶಾಸಕರು ವಿಧಾನಸೌಧದಲ್ಲಿ ಸಭೆ ಸೇರಿದಾಗ ಅದನ್ನು ಕಟ್ಟಿಸಿದವರು ಮುಖ್ಯಮಂತ್ರಿಯ ಆಸನದಲ್ಲಿರಲಿಲ್ಲ.

ಕೇಂದ್ರ ರಾಜಕಾರಣ

1962, 1967 ಮತ್ತು 1971ರ ಚುನಾವಣೆಗಳಲ್ಲಿ ಬೆಂಗಳೂರಿನ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. 1966ರಲ್ಲಿ ನೇಮಕವಾದ ಆಡಳಿತ ಸುಧಾರಣಾ ಆಯೋಗದಲ್ಲಿ ಸದಸ್ಯರಾಗಿದ್ದ ಅವರು, ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾದ ಮೇಲೆ 1967ರಲ್ಲಿ ಅದರ ಅಧ್ಯಕ್ಷರಾದರು. ಅಧಿಕಾರಸ್ಥರ ಮೇಲಿನ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸಲು ಲೋಕಪಾಲ, ಲೋಕಾಯುಕ್ತರು ಬೇಕೆಂದು ಸಲಹೆ ನೀಡಿದ್ದು ಇದೇ ಆಯೋಗ. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯ್ದೆ 1984ರಲ್ಲಿ ಬಂದಿತು.

1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ನಿಜಲಿಂಗಪ್ಪನವರು ಒಂದು ಕಡೆ, ಹನುಮಂತಯ್ಯನವರು ಇಂದಿರಾ ಗಾಂಧಿಯವರ ಕಡೆ ಉಳಿದರು. 1971–72ರಲ್ಲಿ ಅವರು ಕೇಂದ್ರ ರೈಲ್ವೆ ಸಚಿವರಾಗಿದ್ದರು. 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ, ದಕ್ಷಿಣ ಕನ್ನಡ ಮೂಲದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಎದುರು ಸೋತರು. ಏಕೀಕರಣದಿಂದ ಒಂದೇ ರಾಜ್ಯಕ್ಕೆ ಸೇರಿದ ಕರಾವಳಿಯವರೊಬ್ಬರನ್ನು ಆ ಸಲ ರಾಜಧಾನಿಯ ಮತದಾರರು ಆರಿಸಿದ್ದರು.

ನಿಧನ ಮತ್ತು ಸ್ಮರಣೆ

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು. ಬೆಂಗಳೂರಿನಲ್ಲಿ ಜೋಡಿ ರಸ್ತೆ ಎಂದು ಜನ ಕರೆಯುವ ರಸ್ತೆಗೆ ಅವರ ಹೆಸರಿಡಲಾಗಿದೆ. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆ ಇದೆ. 1973ರ ನವೆಂಬರ್ 1ರಂದು ಕರ್ನಾಟಕವೆಂದು ಹೆಸರು ಪಡೆದ ರಾಜ್ಯದ ಶಾಸನ ಸಭೆಗಳು ಇಂದಿಗೂ ಅವರು ರೂಪಿಸಿದ ಕಟ್ಟಡದಲ್ಲಿಯೇ ಸೇರುತ್ತವೆ.