ಬಡಗಿಯ ಮಗ, ಜಗದ ಆಚಾರ್ಯ: ವಾನ್ ಡರ್ ವಾಲ್ಸ್

ಬಡವರ ಮಕ್ಕಳಿಗೆ ಉಚ್ಚ ವಿದ್ಯೆಯು ದಕ್ಕದೆಂದು ಕೈಕಟ್ಟಿ ಕುಳಿತವರೂ, ಗಹನವಾದ ಶಾಸ್ತ್ರವಿಚಾರಕ್ಕೆ ಮಾತೃಭಾಷೆಯು ಸಾಲದೆಂದು ಮೂಗು ಮುರಿಯುವವರೂ ಹಾಲೆಂಡ್ ದೇಶದ ಯೋಹಾನೆಸ್ ವಾನ್ ಡರ್ ವಾಲ್ಸರ ಚರಿತ್ರೆಯನ್ನು ಅವಶ್ಯವಾಗಿ ಅರಿಯಬೇಕು.

ಇವರು ೧೮೩೭ನೆಯ ಇಸವಿ ನವೆಂಬರ್ ೨೩ರಂದು ಲೈಡನ್ ಪಟ್ಟಣದ ಬಡಗಿಯೊಬ್ಬನ ಹತ್ತು ಮಂದಿ ಮಕ್ಕಳಲ್ಲಿ ಹಿರಿಯರಾಗಿ ಜನಿಸಿದರು. ಬೆಳೆದು ಪ್ರಾಥಮಿಕ ಪಾಠಶಾಲೆಯ ಉಪಾಧ್ಯಾಯರಾದರು. ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಅರಿಯದವರಿಗೆ ವಿಶ್ವವಿದ್ಯಾನಿಲಯದ ಪರೀಕ್ಷೆಗಳ ಬಾಗಿಲು ಅಂದು ಮುಚ್ಚಿತ್ತು. ಆದರೂ ಎದೆಗುಂದದೆ, ೧೮೬೨ರಿಂದ ೧೮೬೫ರವರೆಗೆ ಬಿಡುವಿನ ವೇಳೆಯಲ್ಲಿ ಲೈಡನ್ನಿನ ಉಪನ್ಯಾಸಗಳನ್ನು ಕೇಳಿದರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ನಿರ್ಬಂಧವು ಸಡಿಲವಾದ ಮೇಲೆ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ೧೮೭೩ರಲ್ಲಿ, ತಮ್ಮ ೩೫ನೆಯ ವಯಸ್ಸಿನಲ್ಲಿ, ಡಾಕ್ಟರ್ ಪದವಿಯ ಪ್ರಬಂಧವನ್ನು ಒಪ್ಪಿಸಿದರು.

ಇಂಗಾಲಾಮ್ಲ ವಾಯುವನ್ನು ೩೧ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖದಲ್ಲಿ ಎಷ್ಟು ಒತ್ತಿದರೂ ಅದು ದ್ರವವಾಗಿ ಬೇರ್ಪಡದೆಂದು ಆಂಡ್ರೂಸರು ೧೮೬೯ರಲ್ಲಿ ತೋರಿಸಿದ್ದರು. ಅದರ ಕಾರಣವನ್ನು ಈ ಪ್ರಬಂಧವು ವಿವರಿಸಿತು. ಅಣುಗಳಿಗೆ ಗಾತ್ರವುಂಟು, ಅವುಗಳಲ್ಲಿ ಪರಸ್ಪರ ಆಕರ್ಷಣೆಯುಂಟು; ಇವೆರಡನ್ನೂ ಲೆಕ್ಕಕ್ಕೆ ತಂದರೆ ಒಂದೇ ಸಮೀಕರಣವು ವಾಯುವಿಗೂ ದ್ರವಕ್ಕೂ ಸಲ್ಲುವುದೆಂಬುದೇ ಅದರ ಸಾರ. ಅಣುಗಳು ನಿಜವಾಗಿ ಉಂಟೇ ಎಂದು ಪಂಡಿತರೇ ಸಂಶಯಪಡುತ್ತಿದ್ದ ಕಾಲವದು!

ಪ್ರಬಂಧವಿದ್ದುದು ಡಚ್ ಭಾಷೆಯಲ್ಲಿ. ಅದರಿಂದಾಗಿ ಒಬ್ಬರಿಗಿಂತ ಹೆಚ್ಚು ಮಂದಿ ಜಿಜ್ಞಾಸುಗಳ ದೃಷ್ಟಿಯು ಆ ಭಾಷೆಯ ಕಡೆಗೆ ಹರಿಯಿತೆಂದು ಮ್ಯಾಕ್ಸ್‌ವೆಲ್ಲರು ೧೮೭೪ರಲ್ಲಿ ಬರೆದರು.

ಮುಂದೆ ವಾಲ್ಸರು ಆಂಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಪ್ರಥಮ ಭೌತಶಾಸ್ತ್ರ ಪ್ರಾಧ್ಯಾಪಕರಾದರು. ೧೮೮೧ರಲ್ಲಿ ಪತ್ನೀವಿಯೋಗವುಂಟಾಗಲು ಆ ಶೋಕದಲ್ಲಿ ಸುಮಾರು ಹತ್ತು ವರ್ಷ ಅವರ ಲೇಖನಿಯು ಮೌನವಾಯಿತು. ಆದರೆ ೧೮೮೦ರಲ್ಲಿ ಅವರು ಸಾರಿದ್ದ ನಿಯಮವು ಮೌನವಾಗಲಿಲ್ಲ. ೧೮೯೮ರಲ್ಲಿ ಡ್ಯೂಯರರು ಜಲಜನಕವನ್ನೂ, ೧೯೦೮ರಲ್ಲಿ ಕಾಮರ್ಲಿಂಗ್ ಓನ್ನೆಸರು ಹೀಲಿಯಮ್ಮನ್ನೂ ದ್ರವವಾಗಿಸುವುದಕ್ಕೆ ಅದು ದಾರಿದೀಪವಾಯಿತು. ೧೯೧೦ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ೧೯೨೩ನೆಯ ಮಾರ್ಚ್ ೮ರಂದು ಅವರು ಕಾಲವಾದರು.

ಅವರ ಸಿದ್ಧಾಂತಕ್ಕೆ ದೃಢವಾದ ಗಣಿತದ ತಳಹದಿಯು ಬಹುಕಾಲ ಇರಲಿಲ್ಲ. ಆಕರ್ಷಣೆಯು ಅತಿ ದುರ್ಬಲವೂ ಅತಿ ದೂರವ್ಯಾಪಿಯೂ ಆಗಿದ್ದಲ್ಲಿ, ಮ್ಯಾಕ್ಸ್‌ವೆಲ್ಲರ ತಿದ್ದುಪಡಿಯೊಡನೆ ಆ ಸಿದ್ಧಾಂತದ ಸ್ವರೂಪವು ಸಿದ್ಧಿಸುವುದೆಂದು ಲೆಬೊವಿಟ್ಸ್ ಮತ್ತು ಪೆನ್‌ರೋಸ್ ಎಂಬ ವಿದ್ವಾಂಸರು ೧೯೬೬ರಲ್ಲಿ ಸಾಧಿಸಿದರು. ದೂರವ್ಯಾಪಿ ಬಲಗಳ ಸಂಶೋಧನೆಯು ಇಂದಿಗೂ ನಡೆದೇ ಇದೆ.

ಭಾಷೆಗೆ ಗೌರವವು ಬರುವುದು ಅದರಲ್ಲಿ ಹುಟ್ಟುವ ವಿಚಾರದಿಂದ. ಅನ್ಯರ ಭಾಷೆ ಬಾರದೆಂದು ಹೊರಗೆ ನಿಲ್ಲಿಸಲ್ಪಟ್ಟ ಉಪಾಧ್ಯಾಯನೇ ಅನ್ಯರ ದೃಷ್ಟಿಯನ್ನು ತನ್ನ ಭಾಷೆಯತ್ತ ತಿರುಗಿಸಿದನು. ಕನ್ನಡದ ತರುಣರು ಇದನ್ನು ಮನನ ಮಾಡಲಿ.