ತಲೆ ತಗ್ಗಿಸಲು ಕಲಿತ ಪ್ರಾಧ್ಯಾಪಕ

ಪರದೇಶಕ್ಕೆ ಹೊಸದಾಗಿ ಹೋಗಿ ನೆಲೆಸಿದವನು ಮೊದಲ ಕೆಲವು ವಾರಗಳ ಮಟ್ಟಿಗೆ ಮತ್ತೆ ಮಗುವಾಗುತ್ತಾನೆ. ಕೂರುವುದು, ಉಣ್ಣುವುದು, ನಮಸ್ಕರಿಸುವುದು, ಚಪ್ಪಲಿ ಬಿಡುವುದು ಎಲ್ಲವನ್ನೂ ಆತ ಮೊದಲಿನಿಂದ ಕಲಿಯಬೇಕು. ಕಲಿಯುವಾಗ ಎಡವಬೇಕು, ಎಡವಿದಾಗ ಸುತ್ತಲಿನವರು ನಗುವುದನ್ನು ಸಹಿಸಬೇಕು. ಈ ಪೇಚಾಟಗಳನ್ನು ಕುರಿತು ಬರೆದ ಪ್ರವಾಸಿಗರಿಗೆ ಲೆಕ್ಕವಿಲ್ಲ. ಅವರ ಪೈಕಿ ನನಗೆ ಅತ್ಯಂತ ಪ್ರಿಯನಾದವನು ಎಡ್ವರ್ಡ್ ಸಿಲ್ವೆಸ್ಟರ್ ಮೋರ್ಸ್ ಎಂಬ ಅಮೆರಿಕನ್ ಪ್ರಾಣಿವಿಜ್ಞಾನಿ. ಜಪಾನಿನಲ್ಲಿ ಶಾಲಾ ಮಕ್ಕಳಿಗೂ ಪರಿಚಿತವಾದ ಈ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಆತನ ದಿನಚರಿಯ ಪುಟಗಳನ್ನು ತಿರುವಿದಾಗಲೆಲ್ಲ, ನಗುವುದರಲ್ಲಿಯೂ ಎರಡು ಬಗೆಯುಂಟು ಎಂಬುದು ನನಗೆ ಹೊಸದಾಗಿ ಮನವರಿಕೆಯಾಗುತ್ತದೆ.

ಮೋರ್ಸ್ ಹುಟ್ಟಿದ್ದು 1838ರ ಜೂನ್ 18ರಂದು, ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ. ಶಾಲೆಯ ಶಿಸ್ತಿಗೆ ಒಗ್ಗದ ಹುಡುಗ. ಒಂದಲ್ಲ, ಹಲವು ಶಾಲೆಗಳಿಂದ ಹೊರಹಾಕಿಸಿಕೊಂಡವನು. ಪಾಠಕ್ಕಿಂತ ಬಸವನಹುಳುಗಳ ಮೇಲೆಯೇ ಆತನ ಚಿತ್ತ. ರೈಲ್ವೆ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ನಕ್ಷೆಗಾರನಾಗಿ ಕೆಲವು ಕಾಲ ದುಡಿದ ಆತನನ್ನು, ಚಿಪ್ಪುಗಳ ಸಂಗ್ರಹ ಮತ್ತು ಚಿತ್ರ ಬರೆಯುವ ಕೈಚಳಕ ಹಾರ್ವರ್ಡ್‌ನ ಖ್ಯಾತ ವಿಜ್ಞಾನಿ ಲೂಯಿ ಅಗಾಸಿಯ ಬಳಿಗೆ ಕೊಂಡೊಯ್ದವು. ಮುಂದೆ ಆತ ಸಾರ್ವಜನಿಕ ಉಪನ್ಯಾಸಕನಾಗಿ ಹೆಸರು ಮಾಡಿದ. ಎರಡೂ ಕೈಗಳಲ್ಲಿ ಸೀಮೆಸುಣ್ಣ ಹಿಡಿದು ಏಕಕಾಲಕ್ಕೆ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದ ಆತನನ್ನು ನೋಡಲೆಂದೇ ಜನ ಸೇರುತ್ತಿದ್ದರು.

1877ರ ಜೂನ್ ತಿಂಗಳಲ್ಲಿ ಮೋರ್ಸ್ ಯೋಕೊಹಾಮಾ ಬಂದರಿಗೆ ಬಂದಿಳಿದ. ಬ್ರಾಕಿಯೊಪಾಡ್ ಎಂಬ ಸಣ್ಣ ಚಿಪ್ಪುಜೀವಿಗಳನ್ನು ಜಪಾನಿನ ಕಡಲಲ್ಲಿ ಹುಡುಕುವುದಷ್ಟೇ ಆತನ ಉದ್ದೇಶವಾಗಿತ್ತು. ದೇಶದ ಭಾಷೆ ಬಾರದು, ರೀತಿನೀತಿ ತಿಳಿಯದು. ಮನುಷ್ಯನೊಬ್ಬ ಎಳೆಯುವ ಗಾಡಿಯಲ್ಲಿ ಮೊದಲ ಬಾರಿಗೆ ಕುಳಿತಾಗ ಆತನಿಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಂಕೋಚ. ಅಡಿಪಾಯದ ಗೂಟ ಹೊಡೆಯುವ ಕೂಲಿಗಳು ಹಗ್ಗ ಹಿಡಿದು ದೀರ್ಘವಾಗಿ ಹಾಡಿ, ಹಾಡಿನ ಕೊನೆಗೆ ಒಮ್ಮೆ ಮಾತ್ರ ಜಗ್ಗುವುದನ್ನು ಕಂಡು ಆತ ಬೆರಗಾದ. ದುಡಿಮೆಯ ಹೊತ್ತೆಲ್ಲ ಹಾಡಿನಲ್ಲಿಯೇ ಕಳೆಯುತ್ತಿದೆಯಲ್ಲ ಎಂದು ಆತನ ಅಮೆರಿಕನ್ ಬುದ್ಧಿ ಲೆಕ್ಕ ಹಾಕಿತು. ಬಡಗಿಗಳು ಗರಗಸವನ್ನೂ ಉಜ್ಜುಗೊರಡನ್ನೂ ಮುಂದಕ್ಕೆ ತಳ್ಳುವ ಬದಲು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಆತನಿಗೆ ಗೊತ್ತಿದ್ದ ಜಗತ್ತೇ ಇಲ್ಲಿ ಹಿಂದುಮುಂದಾಗಿತ್ತು.

ಮನೆಯೊಳಗಿನ ಪಾಡು ಇನ್ನೂ ತಮಾಷೆಯದು. ಜಪಾನಿನ ಮನೆಗಳ ಬಾಗಿಲ ಚೌಕಟ್ಟು ತಗ್ಗು; ಪರದೇಶಿಯ ಹಣೆ ಅದಕ್ಕೆ ಬಡಿಯುವುದು ತಪ್ಪುತ್ತಿರಲಿಲ್ಲ. ಚಾಪೆಯ ಮೇಲೆ ಮಂಡಿಯೂರಿ ಕುಳಿತರೆ ಕಾಲು ಜೋಮು ಹಿಡಿಯುತ್ತಿತ್ತು. ಎನೊಶಿಮಾ ದ್ವೀಪದಲ್ಲಿ ಮೀನುಗಾರರ ಗುಡಿಸಲೊಂದನ್ನೇ ಪ್ರಯೋಗಾಲಯ ಮಾಡಿಕೊಂಡು ಆ ಬೇಸಿಗೆಯನ್ನು ಕಳೆದಾಗ, ಅನ್ನ ಮತ್ತು ಹಸಿ ಮೀನಿನ ನಡುವೆ ಆತನ ನಾಲಿಗೆ ಬ್ರೆಡ್ಡು, ಬೆಣ್ಣೆ, ಕಾಫಿಗಾಗಿ ಹಂಬಲಿಸಿತು.

ಇಲ್ಲಿಯೇ ಮೋರ್ಸ್ ಇತರರಿಂದ ಬೇರೆಯಾಗುತ್ತಾನೆ. ಬಾಗಿಲಿಗೆ ತಲೆ ಬಡಿದಾಗ ಬಾಗಿಲನ್ನು ಬೈಯುವ ಪ್ರವಾಸಿ ಒಂದು ಬಗೆ. ಬಾಗಿಲು ಇಷ್ಟು ತಗ್ಗಾಗಿರಲು ಕಾರಣವೇನೆಂದು ಅಳತೆಪಟ್ಟಿ ತರುವವನು ಇನ್ನೊಂದು ಬಗೆ. ಮೋರ್ಸ್ ಎರಡನೆಯ ಬಗೆಯವನು. ಆತ ಚೌಕಟ್ಟನ್ನು ಅಳೆದ, ಚಾಪೆಯ ಅಳತೆಯಿಂದಲೇ ಕೋಣೆಯ ಅಳತೆ ನಿರ್ಧಾರವಾಗುತ್ತದೆಂದು ಕಂಡುಕೊಂಡ, ಅಡುಗೆಮನೆ, ಬಾವಿ, ಬೇಲಿ, ಸ್ನಾನದ ತೊಟ್ಟಿಗಳ ಚಿತ್ರ ಬರೆದುಕೊಂಡ. ಈ ಟಿಪ್ಪಣಿಗಳೆಲ್ಲ 1886ರಲ್ಲಿ, ಸುಮಾರು 300 ಚಿತ್ರಗಳುಳ್ಳ ಗ್ರಂಥವಾಗಿ ಪ್ರಕಟವಾದವು. ಜಪಾನಿನ ಮನೆಯನ್ನು ಕುರಿತ ಆ ಗ್ರಂಥದಲ್ಲಿ ಅಮೆರಿಕದ ಮನೆಗಳ ಆಡಂಬರವೂ ಸಾಮಾನುಗಳ ಕಿಕ್ಕಿರಿತವೂ ಆಗಾಗ ಲೇವಡಿಗೆ ಗುರಿಯಾಗುತ್ತವೆ. ಜಪಾನನ್ನು ನೋಡಿ ನಗಲು ಬಂದವನು ತನ್ನ ಮನೆಯನ್ನೇ ನೋಡಿ ನಗುವುದನ್ನು ಕಲಿತಿದ್ದ.

ಯೋಕೊಹಾಮಾದಿಂದ ಟೋಕಿಯೊಗೆ ಆತ ಮಾಡಿದ ಮೊದಲ ರೈಲು ಪ್ರಯಾಣವೇ ಒಂದು ದೇಶದ ಚರಿತ್ರೆಯನ್ನು ತಿದ್ದಿತು. ಓಮೊರಿ ನಿಲ್ದಾಣದ ಸಮೀಪ, ಹಳಿಗಾಗಿ ಕಡಿದ ದಿಬ್ಬದಲ್ಲಿ ಚಿಪ್ಪುಗಳ ಪದರವೊಂದು ಕಿಟಕಿಯಿಂದ ಕಂಡಿತು. ದಿನವೂ ಎಷ್ಟೋ ಪ್ರಯಾಣಿಕರ ಕಣ್ಣಿಗೆ ಅದು ಬರಿಯ ಮಣ್ಣು. ಬಾಲ್ಯದಿಂದ ಚಿಪ್ಪು ಆಯ್ದವನ ಕಣ್ಣಿಗೆ ಅದು ಪ್ರಾಚೀನ ಮಾನವರು ಉಂಡು ಎಸೆದ ಕಸದ ಗುಡ್ಡೆ. ಅಷ್ಟರಲ್ಲಿ, ಅದೇ ವರ್ಷ ಸ್ಥಾಪನೆಯಾಗಿದ್ದ ಟೋಕಿಯೊ ವಿಶ್ವವಿದ್ಯಾಲಯ ಆತನನ್ನು ಪ್ರಾಣಿವಿಜ್ಞಾನದ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತ್ತು. ವಿದ್ಯಾರ್ಥಿಗಳನ್ನು ಕರೆದೊಯ್ದು ಆತ ನಡೆಸಿದ ಅಗೆತ ಜಪಾನಿನಲ್ಲಿ ಆಧುನಿಕ ಪುರಾತತ್ವಶಾಸ್ತ್ರಕ್ಕೆ ನಾಂದಿಯಾಯಿತು. ಅಲ್ಲಿ ಸಿಕ್ಕ ಮಡಕೆಚೂರುಗಳ ಮೇಲೆ ಹುರಿಹಗ್ಗ ಒತ್ತಿದ ಗುರುತುಗಳಿದ್ದವು. ಆತ ಇಂಗ್ಲಿಷಿನಲ್ಲಿ ಅವುಗಳಿಗೆ ಕೊಟ್ಟ ವಿವರಣೆಯ ಜಪಾನೀ ರೂಪವೇ ‘ಜೋಮೊನ್’. ಸಾವಿರಾರು ವರ್ಷಗಳ ಒಂದು ಪ್ರಾಗೈತಿಹಾಸಿಕ ಯುಗ ಇಂದು ಆ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆತ ಡಾರ್ವಿನ್ನನ ವಿಕಾಸವಾದವನ್ನು ಕುರಿತು ಉಪನ್ಯಾಸ ನೀಡಿದಾಗ, ತನ್ನ ದೇಶದಲ್ಲಿ ಎದುರಾಗುತ್ತಿದ್ದ ಧಾರ್ಮಿಕ ಪ್ರತಿರೋಧ ಇಲ್ಲಿ ಸುಳಿಯದಿದ್ದದ್ದು ಆತನಿಗೆ ಅಚ್ಚರಿಯ ಸಂತೋಷ ತಂದಿತು.

ಮೋರ್ಸ್ ಒಟ್ಟು ಮೂರು ಬಾರಿ ಜಪಾನಿಗೆ ಬಂದ. ಕೊನೆಯ ಬಾರಿ, 1882ರಲ್ಲಿ, ಹಿರೊಶಿಮಾದ ಛತ್ರವೊಂದರಲ್ಲಿ ನಡೆದ ಪ್ರಸಂಗ ನನಗೆ ಮರೆಯಲಾಗದ್ದು. ಕೆಲವು ದಿನ ಬೇರೆಡೆ ಹೋಗಬೇಕಿದ್ದ ಆತ ತನ್ನ ಹಣವನ್ನೂ ಚಿನ್ನದ ಗಡಿಯಾರವನ್ನೂ ಭದ್ರವಾಗಿಡುವಂತೆ ಕೇಳಿಕೊಂಡ. ಸೇವಕಿ ಒಂದು ಅರಗಿನ ತಟ್ಟೆ ತಂದು, ಎಲ್ಲವನ್ನೂ ಅದರಲ್ಲಿಟ್ಟು, ಕೋಣೆಯ ಚಾಪೆಯ ಮೇಲೆಯೇ ಬಿಟ್ಟಳು. ಸರಿಸಿದರೆ ತೆರೆದುಕೊಳ್ಳುವ ಕಾಗದದ ಬಾಗಿಲು, ಬೀಗವಿಲ್ಲ, ಅಗುಳಿಯಿಲ್ಲ. ಭದ್ರತೆಯೆಂದರೆ ಇದೇ ಎಂದು ತಿಳಿದಾಗ ಪ್ರಾಧ್ಯಾಪಕ ತಬ್ಬಿಬ್ಬಾದ. ಆದರೂ ಧೈರ್ಯ ಮಾಡಿ ಹೊರಟ. ವಾರದ ನಂತರ ಬಂದು ನೋಡಿದರೆ ತಟ್ಟೆ ಇಟ್ಟಲ್ಲೇ ಇತ್ತು, ಕಾಸೂ ಕದಲಿರಲಿಲ್ಲ. ನಾಗರಿಕತೆಯನ್ನು ಬೀಗಗಳ ಸಂಖ್ಯೆಯಿಂದ ಅಳೆಯುವ ಅಭ್ಯಾಸವನ್ನು ಆತ ಅಲ್ಲಿಯೇ ಬಿಟ್ಟುಬಂದಿರಬೇಕು.

ಆದರೆ ಮೋರ್ಸ್‌ನನ್ನು ಪೂರ್ಣಪುರುಷನನ್ನಾಗಿ ಚಿತ್ರಿಸುವುದು ನನ್ನ ಇರಾದೆಯಲ್ಲ. ಆತ ಬಂದಿಳಿದ ವರ್ಷವೇ ದಕ್ಷಿಣದಲ್ಲಿ ಸತ್ಸುಮಾ ಬಂಡಾಯದ ರಕ್ತ ಹರಿಯುತ್ತಿತ್ತು. ಸರ್ಕಾರದ ಗೌರವಾನ್ವಿತ ಅತಿಥಿಗೆ ದೇಶದ ನಗುಮುಖ ಕಂಡಷ್ಟು ಅಳುಮುಖ ಕಾಣಲಿಲ್ಲ. ಆತನ ಮಡಕೆಗಳ ಹುಚ್ಚೂ ನಿರ್ದೋಷಿಯಲ್ಲ. ಚಿಪ್ಪಿನಾಕಾರದ ಒಂದು ತಟ್ಟೆಯಿಂದ ಆರಂಭವಾದ ಆ ಸಂಗ್ರಹ ಸುಮಾರು 5000 ಕುಡಿಕೆ, ಬಟ್ಟಲುಗಳಿಗೆ ಬೆಳೆದು, 1892ರಲ್ಲಿ ಬಾಸ್ಟನ್‌ನ ವಸ್ತುಸಂಗ್ರಹಾಲಯದ ಸ್ವತ್ತಾಯಿತು. ಒಂದು ನಾಡಿನ ಕುಂಬಾರರ ಕೈಕೆಲಸವನ್ನು ಕಾಣಲು ಆ ನಾಡಿನವರೇ ಸಾಗರ ದಾಟಬೇಕಾದದ್ದು ಸುಲಭವಾಗಿ ಮರೆಯಬಹುದಾದ ಸಂಗತಿಯಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹಳೆಯದೆಲ್ಲ ಹೀನವೆಂದು ಜಪಾನೀಯರು ಪಶ್ಚಿಮದತ್ತ ಧಾವಿಸುತ್ತಿದ್ದ ಕಾಲವದು. ಆಗ ಮೋರ್ಸ್ ಸಂಗ್ರಹಿಸಿದ್ದು ರಾಜರ ಖಡ್ಗಗಳನ್ನಷ್ಟೇ ಅಲ್ಲ. ಮರದ ಪಾದುಕೆ, ಮಕ್ಕಳ ಆಟಿಕೆ, ಅಂಗಡಿಯ ಫಲಕ, ಬಡಗಿಯ ಉಳಿ, ಜಾಡಿಯಲ್ಲಿಟ್ಟ ಸಕ್ಕರೆ ಮಿಠಾಯಿ ಇಂಥವನ್ನೂ. ಯಾರೂ ಕಾಪಾಡಲು ಯೋಚಿಸದ ಈ ದಿನಬಳಕೆಯ ವಸ್ತುಗಳನ್ನು, 1880ರಿಂದ ತಾನು ನಿರ್ದೇಶಕನಾಗಿದ್ದ ಸೇಲಂ ಪಟ್ಟಣದ ಸಂಗ್ರಹಾಲಯದಲ್ಲಿ ಆತ ಜೋಪಾನ ಮಾಡಿದ. ತಮ್ಮ ಪೂರ್ವಜರ ಅಡುಗೆಮನೆ ಹೇಗಿತ್ತೆಂದು ತಿಳಿಯಲು ಜಪಾನೀ ವಿದ್ವಾಂಸರು ಅಲ್ಲಿಗೆ ಹೋಗುತ್ತಾರೆ. ನಮ್ಮ ಮನೆಗಳ ಒರಳು, ಕಡೆಗೋಲು, ಸೇರು, ಪಾವುಗಳನ್ನು ಗುಜರಿಗೆ ಹಾಕುವ ಮುನ್ನ ಈ ಸಂಗತಿಯನ್ನು ನಾವೂ ಕ್ಷಣಕಾಲ ನೆನೆಯುವುದು ಒಳಿತು.

ಜಪಾನಿನಲ್ಲಿ ಬರೆದ ದಿನಚರಿಯ ಸುಮಾರು 3500 ಪುಟಗಳು ದಶಕಗಳ ಕಾಲ ಹಾಗೆಯೇ ಬಿದ್ದಿದ್ದವು. ಮೋರ್ಸ್ ಮತ್ತೆ ತನ್ನ ಚಿಪ್ಪುಜೀವಿಗಳಲ್ಲಿ ಮುಳುಗಿದ್ದ. ಹುಳುಗಳನ್ನು ಅಭ್ಯಸಿಸಲು ಮುಂದೆಯೂ ಜನ ಸಿಗುತ್ತಾರೆ, ಆದರೆ ಹಳೆಯ ಜಪಾನನ್ನು ಕಂಡವರು ಇನ್ನು ಹುಟ್ಟಿಬರಲಾರರು ಎಂದು ಗೆಳೆಯ ಬಿಗೆಲೋ ಪತ್ರ ಬರೆದು ಗದರಿದ ಮೇಲೆಯೇ ಆತ ಎಚ್ಚೆತ್ತ. 1917ರಲ್ಲಿ, 79ರ ವಯಸ್ಸಿನಲ್ಲಿ, ಆ ದಿನಚರಿಯನ್ನು 777 ರೇಖಾಚಿತ್ರಗಳೊಂದಿಗೆ ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಅಷ್ಟರಲ್ಲಿ ಆತ ಕಂಡಿದ್ದ ಬದುಕಿನ ಬಹುಭಾಗ ಮರೆಯಾಗಿತ್ತು.

1923ರ ಮಹಾಭೂಕಂಪದಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಗ್ರಂಥಾಲಯ ಸುಟ್ಟು ಬೂದಿಯಾದಾಗ, ಮುದುಕನಾಗಿದ್ದ ಮೋರ್ಸ್ ತನ್ನ ಉಯಿಲನ್ನು ಬದಲಿಸಿ, ಸುಮಾರು 12,000 ಪುಸ್ತಕಗಳ ಸ್ವಂತ ಭಂಡಾರವನ್ನು ಆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ. 1925ರ ಡಿಸೆಂಬರ್ 20ರಂದು ಸೇಲಂನಲ್ಲಿ ತೀರಿಕೊಂಡ.

ಓಮೊರಿಯಲ್ಲಿ ಇಂದು ಆತನ ಅಗೆತದ ನೆನಪಿಗೆ ಒಂದಲ್ಲ, ಎರಡು ಸ್ಮಾರಕಗಳಿವೆ. ಆತ ಅಗೆದದ್ದು ನಿಖರವಾಗಿ ಎಲ್ಲಿ ಎಂಬ ವಿವಾದದಿಂದಾಗಿ, 1929 ಮತ್ತು 1930ರಲ್ಲಿ ತುಸುವೇ ಅಂತರದಲ್ಲಿ ಎರಡು ಕಲ್ಲುಗಳು ಎದ್ದು ನಿಂತವು. ತನಗಾಗಿ ಎರಡು ನೆರೆಹೊರೆಗಳು ಜಗಳವಾಡಿದ್ದನ್ನು ಕಂಡಿದ್ದರೆ ಮೋರ್ಸ್ ಮನಸಾರೆ ನಕ್ಕು, ಎರಡರ ಚಿತ್ರವನ್ನೂ ಎರಡೂ ಕೈಗಳಿಂದ ಒಟ್ಟಿಗೇ ಬರೆದುಕೊಳ್ಳುತ್ತಿದ್ದನೇನೋ.